ಸಂಸಾರದ ಲೆಕ್ಕ: ಕಾಲೇಜಿನ ಫೀಜು, ಕೊರಳಿನ ಸರ



ಮಕ್ಕಳ ಕಾಲೇಜಿಗೆ ಹಣ ಹೊಂದಿಸುವ ಕಾಲ ಬಂತೆಂದರೆ ನನಗೆ 2020ನೇ ಇಸವಿ ನೆನಪಾಗುತ್ತದೆ. ಕೊರೋನಾದಿಂದ ಮುಚ್ಚಿದ್ದ ಕಾಲೇಜುಗಳು ನವೆಂಬರ್ 17ಕ್ಕೆ ಬಾಗಿಲು ತೆರೆದವು. ಅದೇ ವಾರ ದೊಡ್ಡಬಳ್ಳಾಪುರದ ಒಬ್ಬ ಗೃಹಿಣಿ ನಮ್ಮ ಮನೆಗೆ ಬಂದರು. ಮನೆಯಲ್ಲಿ ಎರಡು ವಿದ್ಯುತ್ ಮಗ್ಗ. ಗಂಡ ನೇಯುವವರು, ಈಕೆ ಕಂಡಿಕೆ ಸುತ್ತುವವರು. ಮಾರ್ಚ್ 25ರ ಲಾಕ್‌ಡೌನ್‌ನಿಂದ ಮದುವೆಗಳು ನಿಂತು, ಸೀರೆ ಕೇಳುವವರೇ ಇರಲಿಲ್ಲ. ಮಗಳು ಇಂಜಿನಿಯರಿಂಗ್ ಎರಡನೇ ವರ್ಷ. ಅರವತ್ತು ಸಾವಿರ ಒಂದೇ ಸಲ ಕಟ್ಟಬೇಕೆಂದು ಕಾಲೇಜಿನಿಂದ ಮೆಸೇಜು.

"ಅಕ್ಕಾ, ಈ ಸರ ಎಲ್ಲಿ ಇಟ್ರೆ ಜಾಸ್ತಿ ದುಡ್ಡು ಕೊಡ್ತಾರೆ?" ಅಂತ ಕೇಳಿದರು.

ಕೊಡುವವರೇನೋ ಇದ್ದರು. ಆ ಆಗಸ್ಟಿನಲ್ಲೇ ರಿಸರ್ವ್ ಬ್ಯಾಂಕ್ ಚಿನ್ನದ ಸಾಲದ ಮಿತಿ ಸಡಿಲಿಸಿತ್ತು. ನೂರು ರೂಪಾಯಿ ಬಾಳುವ ಚಿನ್ನಕ್ಕೆ 75 ಕೊಡುತ್ತಿದ್ದ ಬ್ಯಾಂಕುಗಳು 2021ರ ಮಾರ್ಚ್ ಕೊನೆಯವರೆಗೆ 90ರ ತನಕ ಕೊಡಬಹುದಿತ್ತು. ಕೇಳೋದಕ್ಕೆ ಚೆನ್ನ. ಆದರೆ ಚಿನ್ನದ ಬೆಲೆ ಇಳಿದರೆ? ಇಳಿದೇ ಇಳಿಯಿತು. ಆಗಸ್ಟಿನಲ್ಲಿ ಹತ್ತು ಗ್ರಾಂಗೆ 55 ಸಾವಿರ ದಾಟಿದ್ದ ಅಪರಂಜಿ, ಮುಂದಿನ ಮಾರ್ಚಿಗೆ 45 ಸಾವಿರದ ಆಸುಪಾಸಿಗೆ ಬಂತು. ತೊಂಬತ್ತರ ಲೆಕ್ಕದಲ್ಲಿ ಸಾಲ ಎತ್ತಿದವರಿಗೆ ಸಾಲವೂ ಸರದ ಬೆಲೆಯೂ ಹೆಚ್ಚುಕಡಿಮೆ ಒಂದೇ ಆಯಿತು. ಬಡ್ಡಿ ಬೇರೆ.

ನಾನು ಆಕೆಗೆ ಹೇಳಿದ್ದು ಇಷ್ಟೇ: "ಮೊದಲು ಕಾಲೇಜಿಗೆ ಹೋಗಿಬನ್ನಿ, ಅಂಗಡಿಗೆ ಆಮೇಲೆ." ಲಾಕ್‌ಡೌನ್ ಇರುವವರೆಗೆ ಫೀಜಿಗೆ ಒತ್ತಾಯಿಸಬಾರದೆಂದು ಎ.ಐ.ಸಿ.ಟಿ.ಇ. ಏಪ್ರಿಲ್‌ನಲ್ಲೇ ತಾಂತ್ರಿಕ ಕಾಲೇಜುಗಳಿಗೆ ತಿಳಿಸಿತ್ತು. ನವೆಂಬರಿಗೆ ಅದರ ಬಲ ಅಷ್ಟಕ್ಕಷ್ಟೆ, ನಿಜ. ಆದರೂ ಬರೆದು ಕೇಳುವುದಕ್ಕೆ ಏನಡ್ಡಿ? ಗಂಡಸರು ಇದನ್ನು ಅವಮಾನ ಅಂದುಕೊಳ್ಳುತ್ತಾರೆ, ಹೋಗೋದೇ ಇಲ್ಲ. ಪತ್ರದಲ್ಲಿ ಕಷ್ಟದ ಕಥೆ ಎರಡೇ ಸಾಲು ಸಾಕು. ಯಾವ ತಾರೀಖಿಗೆ ಎಷ್ಟು ಕಟ್ಟುತ್ತೀರಿ ಅನ್ನೋದು ಸ್ಪಷ್ಟವಾಗಿರಲಿ. ಪತ್ರ ಕೊಟ್ಟಮೇಲೆ ನಕಲಿನ ಮೇಲೆ ಕಚೇರಿಯ ಮೊಹರು ಹಾಕಿಸಿಕೊಳ್ಳಿ.

ಇನ್ನು ಸಾಲದ ಕಂತು ಮುಂದೂಡುವ ಮಾತು. 2020ರ ಮಾರ್ಚಿನಿಂದ ಆಗಸ್ಟ್‌ವರೆಗೆ ಬ್ಯಾಂಕುಗಳು ಕಂತಿಗೆ ವಿರಾಮ ಕೊಟ್ಟಾಗ ಎಷ್ಟೋ ಮನೆಗಳಲ್ಲಿ ಮನ್ನಾ ಅಂತಲೇ ತಿಳಿದಿದ್ದರು. ನೂರಕ್ಕೆ ಹತ್ತರ ಬಡ್ಡಿಯಲ್ಲಿ ಒಂದು ಲಕ್ಷಕ್ಕೆ ಆರು ತಿಂಗಳಿಗೆ ಐದು ಸಾವಿರ ಸದ್ದಿಲ್ಲದೆ ಬೆಳೆದಿತ್ತು. ಓದು ಮುಗಿಯುವ ತನಕ ಕಂತಿಲ್ಲದ ವಿದ್ಯಾಸಾಲದಲ್ಲೂ ಬಡ್ಡಿ ಹೀಗೆಯೇ ಬೆಳೆಯುತ್ತದೆ. ಕೈಲಾದಾಗ ಬಡ್ಡಿಯನ್ನಾದರೂ ಕಟ್ಟುತ್ತಾ ಬನ್ನಿ.

ವಿದ್ಯಾರ್ಥಿವೇತನಕ್ಕೆ ನಾಡಕಚೇರಿಯ ಆದಾಯ ಪ್ರಮಾಣ ಪತ್ರ ಬೇಕೇ ಬೇಕು. ಅದಕ್ಕೆ ಐದು ವರ್ಷದ ಆಯುಸ್ಸು. ಇವತ್ತೇ ಟ್ರಂಕು ತೆಗೆದು ತಾರೀಖು ನೋಡಿ. ಹಣ ಬರುವುದು ಮಗುವಿನ ಆಧಾರ್ ಜೋಡಿಸಿದ ಖಾತೆಗೆ, ಅದೂ ಸರಿಯಿದೆಯೇ ವಿಚಾರಿಸಿ.

ಆಕೆಗೆ ಕಾಲೇಜಿನವರು ಇಪ್ಪತ್ತು ಸಾವಿರದಂತೆ ಮೂರು ಕಂತು ಮಾಡಿಕೊಟ್ಟರು. ಮೊದಲನೆಯದಕ್ಕೆ ಎರಡು ಬಳೆ ಅಡವಿಟ್ಟರು, ಎರಡನೆಯದು ಮಗ್ಗದಿಂದಲೇ ಬಂತು, ಮೂರನೆಯದಕ್ಕೆ ಓರಗಿತ್ತಿಯ ಚೀಟಿ ಹಣ. ಬಳೆ ಬಿಡಿಸಿಕೊಳ್ಳಲು 2022ರ ದೀಪಾವಳಿ ಬರಬೇಕಾಯಿತು. ಸರ ಮಾತ್ರ ಕೊರಳಿನಿಂದ ಇಳಿಯಲಿಲ್ಲ.