ನಗೆಯ ಖರ್ಚು ಯಾರದು?

ಸದಾಶಿವ ಪೇಠೆಯಲ್ಲಿ ಹೋಟೆಲು ನಡೆಸುತ್ತಿರುವ ನಮ್ಮ ಓದುಗರೊಬ್ಬರು ಕಳೆದ ವಾರ ಕಚೇರಿಗೆ ಬಂದು ಒಂದು ಸಂಗತಿಯನ್ನು ಅರುಹಿದರು. ಮಧ್ಯಾಹ್ನದ ಗದ್ದಲ ಇಳಿದ ಹೊತ್ತಿನಲ್ಲಿ ಇಬ್ಬರು ತರುಣರು ಬಂದು ಕುಳಿತು ಮಸಾಲೆ ದೋಸೆಗೆ ಹೇಳಿದರಂತೆ. ಕುಂದಾಪುರದ ಕಡೆಯಿಂದ ಬಂದು ಇನ್ನೂ ಆರು ತಿಂಗಳು ತುಂಬದ ಮಾಣಿ ತಟ್ಟೆಯನ್ನು ತಂದಿಟ್ಟೊಡನೆ ಅವರಲ್ಲೊಬ್ಬನು ಮೇಜು ಗುದ್ದಿ, ‘ಈ ಯಂಡುಗುಂಡುವಿನ ಕೈಯಿಂದ ನಾನು ತಿನ್ನುವುದಿಲ್ಲ, ಮರಾಠಿ ಬಾರದವನನ್ನು ಊರಿಗೆ ಅಟ್ಟಿರಿ’ ಎಂದು ಕೂಗತೊಡಗಿದನು. ಹುಡುಗನ ಮುರುಕು ಮರಾಠಿಯನ್ನು ಅಣಕಿಸಿ ಆಡಿದನು. ಐದಾರು ನಿಮಿಷಗಳ ತರುವಾಯ ಪಕ್ಕದ ಮೇಜಿನಲ್ಲಿದ್ದ ವೃದ್ಧ ಮಹಾರಾಷ್ಟ್ರೀಯ ಗೃಹಸ್ಥರೊಬ್ಬರು ಎದ್ದುನಿಂತು ತರುಣನನ್ನು ಚೆನ್ನಾಗಿ ಗದರಿಸಿದರು. ಕೂಡಲೆ ತರುಣರಿಬ್ಬರೂ ನಕ್ಕು, ನೀರಿನ ಜಗ್ಗಿಗೆ ಒರಗಿಸಿಟ್ಟಿದ್ದ ಮೊಬೈಲನ್ನು ತೋರಿಸಿ, ಇದೆಲ್ಲ ನಾಟಕ, ಪರಭಾಷಿಕರನ್ನು ಹೀಗಳೆದಾಗ ಜನರು ಬಾಯಿ ತೆರೆಯುವರೋ ಇಲ್ಲವೋ ಎಂದು ನೋಡುವ ಪ್ರಯೋಗ ಎಂದರು. ವೃದ್ಧರ ಕೈಕುಲುಕಿದರು. ಮಾಣಿಯ ಬೆನ್ನು ತಟ್ಟಿ ‘ಹಸ್ ರೇ’ ಎಂದರು. ಅವನು ನಕ್ಕನು.

ಆ ಚಿತ್ರ ಈಗ ಊರೂರು ಸುತ್ತುತ್ತಿದೆ. ಹುಡುಗನ ತಾಯಿಗೂ ಯಾರೋ ತೋರಿಸಿದರಂತೆ. ಆಕೆ ಫೋನು ಮಾಡಿ, ಅಲ್ಲಿ ನಿನ್ನನ್ನು ದಿನವೂ ಹೀಗೆಯೇ ಬೈಯುತ್ತಾರೆಯೇ ಎಂದು ಕೇಳಿದರಂತೆ. ಅದು ನಾಟಕವೆಂದು ಆಕೆಗೆ ತಿಳಿಯಹೇಳಲು ಮಗನಿಗೆ ಸಾಧ್ಯವಾಗಲಿಲ್ಲ. ‘ಇದಕ್ಕೆ ನಗಬೇಕೋ ಬೇಡವೋ, ಪತ್ರಿಕೆಯವರಾದ ನೀವೇ ಹೇಳಿ’ ಎಂದು ಧಣಿಗಳು ನಮ್ಮನ್ನು ಕೇಳಿದರು.

ನಗೆಯ ವಿಷಯದಲ್ಲಿ ಮುಖ ಗಂಟಿಕ್ಕಿಕೊಳ್ಳುವ ಜಾಯಮಾನ ನಮ್ಮದಲ್ಲ. ಸದಾಶಿವ ಪೇಠೆಯಲ್ಲಿ ಅನ್ನ ಹುಟ್ಟಿಸಿಕೊಂಡವನಿಗೆ ಅದು ಸಾಧ್ಯವೂ ಇಲ್ಲ. ಒಂದರಿಂದ ನಾಲ್ಕರವರೆಗೆ ಗಂಟೆ ಬಾರಿಸಬೇಡಿರಿ, ನೆರೆಯವರ ವಿಳಾಸವನ್ನು ಇಲ್ಲಿ ಕೇಳಬೇಡಿರಿ, ಬಾಗಿಲ ಮುಂದೆ ಗಾಡಿ ನಿಲ್ಲಿಸಿದರೆ ಚಕ್ರದ ಗಾಳಿ ಬಿಡಲಾಗುವುದು ಎಂಬಂಥ ಪುಣೇರಿ ಪಾಟಿಗಳನ್ನು ಓದುತ್ತಲೇ ನಮ್ಮ ಕಾರಕೂನರೂ ಮಾಣಿಗಳೂ ಮರಾಠಿಯ ಮೊದಲ ಅಕ್ಷರಗಳನ್ನು ಕಲಿತಿದ್ದಾರೆ. ಆ ಕುಹಕದಲ್ಲಿ ಒಂದು ನ್ಯಾಯವಿದೆ. ಫಲಕವು ಹಗಲು ಬೆಳಕಿನಲ್ಲಿ ತೂಗುತ್ತಿರುತ್ತದೆ. ಅದು ಬಡವ ಬಲ್ಲಿದನೆನ್ನದೆ, ಬ್ರಾಹ್ಮಣ ಶೂದ್ರನೆನ್ನದೆ, ಕನ್ನಡಿಗ ಮರಾಠಿಗನೆನ್ನದೆ ಎಲ್ಲರನ್ನೂ ಸಮನಾಗಿ ಅವಮಾನಿಸುತ್ತದೆ. ಓದಿದವನು ಗೊಣಗಿ ಮುಂದೆ ಹೋಗಬಹುದು.

ಕಪಟವೇಷದಿಂದ ಪೂರ್ವಗ್ರಹವನ್ನು ಬಯಲಿಗೆಳೆಯುವ ಹಾಸ್ಯವು ಬೇರೆ ಬಗೆಯದು. ಇದರಲ್ಲಿ ಜಗತ್ತೇ ಬಲ್ಲ ಉದಾಹರಣೆಯೆಂದರೆ ಇಂಗ್ಲೆಂಡಿನ ನಟ ಸಾಶಾ ಬ್ಯಾರನ್ ಕೋಹೆನ್ ಸೃಷ್ಟಿಸಿದ ‘ಬೊರಾಟ್’ ಎಂಬ ಪಾತ್ರ. ಕಝಾಕಸ್ತಾನದ ಪತ್ರಕರ್ತನೆಂದು ಹೇಳಿಕೊಂಡು ಈತ 2004ರಲ್ಲಿ ಅಮೆರಿಕದ ಟೂಸಾನ್ ಊರಿನ ಮದ್ಯದಂಗಡಿಯೊಂದರಲ್ಲಿ ಯೆಹೂದ್ಯರನ್ನು ಬಾವಿಗೆ ದೂಡಿರೆಂಬರ್ಥದ ಹಾಡನ್ನು ಹಾಡಿದನು. ಕುಳಿತವರು ಚಪ್ಪಾಳೆ ತಟ್ಟಿ ಪಲ್ಲವಿಗೆ ದನಿಗೂಡಿಸಿದರು. ಹಾಡಿದವನು ಸ್ವತಃ ಯೆಹೂದ್ಯನೆಂಬುದು ಅವರಿಗೆ ತಿಳಿದಿರಲಿಲ್ಲ. ಅಲ್ಲಿ ನಾವೂ ನಕ್ಕೆವೆಂದು ಒಪ್ಪಿಕೊಳ್ಳುತ್ತೇವೆ. ನಕ್ಕ ಮೇಲೆ ಮೈ ಜುಮ್ಮೆಂದಿತು. ಬಯ್ಗುಳವನ್ನು ಹೊತ್ತವನು ನಟನೇ, ಬಯಲಾದವರು ಬಾಯಿ ಬಿಟ್ಟವರೇ. ಆದರೆ ಅದೇ ನಟನು 2006ರಲ್ಲಿ ತೆರೆಗೆ ತಂದ ಚಲನಚಿತ್ರದಲ್ಲಿ ಕಝಾಕಸ್ತಾನದ ಹಳ್ಳಿಯೆಂದು ತೋರಿಸಿದ್ದು ರುಮೇನಿಯಾದ ಗ್ಲೋಡ್ ಎಂಬ ಕಡುಬಡವರ ಗ್ರಾಮವನ್ನು. ತಮ್ಮ ಕಷ್ಟಸುಖಗಳ ವಾಸ್ತವ ಚಿತ್ರವೆಂದು ನಂಬಿಸಿ, ಕೈಗೆ ಪುಡಿಗಾಸು ಕೊಟ್ಟು, ತಮ್ಮನ್ನು ಕಳ್ಳರು, ನೀತಿಗೆಟ್ಟವರು ಎಂಬಂತೆ ತೋರಿಸಿದರೆಂದು ಗ್ರಾಮಸ್ಥರು ಗೋಳಿಟ್ಟರು. ಒಂದು ಕೈಯಿಲ್ಲದ ಮುದುಕನ ಮೊಂಡುಗೈಗೆ ಅಸಭ್ಯವಾದ ರಬ್ಬರಿನ ಆಟಿಕೆಯನ್ನು ಸಿಕ್ಕಿಸಿದ್ದರು; ಅದೇನೆಂದು ಆತನಿಗೆ ತಿಳಿದಿರಲಿಲ್ಲವಂತೆ. ನ್ಯೂಯಾರ್ಕಿನ ನ್ಯಾಯಾಲಯದಲ್ಲಿ ಹೂಡಿದ ದಾವೆಯಿಂದಲೂ ಅವರಿಗೆ ಏನೂ ದಕ್ಕಲಿಲ್ಲ. ಮೊದಲು ಕೆರಳಿದ್ದ ಕಝಾಕಸ್ತಾನವಾದರೋ 2020ರಲ್ಲಿ ಬೊರಾಟನ ಮಾತನ್ನೇ ತನ್ನ ಪ್ರವಾಸೋದ್ಯಮದ ಜಾಹೀರಾತಿಗೆ ಬಳಸಿಕೊಂಡಿತು. ದೇಶವೊಂದಕ್ಕೆ ನಗೆಯನ್ನು ಹಣವಾಗಿಸಿಕೊಳ್ಳುವ ಸಾಮರ್ಥ್ಯವಿರುತ್ತದೆ. ಗ್ಲೋಡಿನ ಮುದುಕನಿಗೆ ಅದು ಎಲ್ಲಿಂದ ಬರಬೇಕು?

ಸದಾಶಿವ ಪೇಠೆಯ ಮಾಣಿಯದೂ ಇದೇ ಕಥೆ. ಆ ತರುಣರು ದುಷ್ಟರೆಂದು ನಾವು ಹೇಳುವುದಿಲ್ಲ. ಅವರ ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ನಾಟಕವೆಂದು ತಿಳಿದಿದ್ದುದು ಅವರಿಬ್ಬರಿಗೆ ಮಾತ್ರ. ಹುಡುಗನ ಪಾಲಿಗೆ ಆ ಐದು ನಿಮಿಷ ನಿಜವಾದ ಬಯ್ಗುಳವೇ ಆಗಿತ್ತು. ಹಿಂದಿನಿಂದ ‘ಇದು ತಮಾಷೆ’ ಎಂದರೆ ಅದು ಬಯ್ಗುಳವಲ್ಲದೆ ಹೋಗುವುದಿಲ್ಲ. ವೃದ್ಧರು ಎದ್ದು ಮಾತಾಡಬಲ್ಲರು, ಏಕೆಂದರೆ ಅವರು ಗಿರಾಕಿ. ಮಾಣಿಯು ತಿರುಗಿ ಒಂದು ಮಾತಾಡಿದರೆ ಅಂದಿನ ಸಂಜೆಯೇ ಲೆಕ್ಕ ಚುಕ್ತಾ ಆದೀತೆಂಬ ಭಯ ಅವನಿಗಿದೆ. ತಲೆ ತಗ್ಗಿಸಿ ನಿಲ್ಲುವುದು ಅವನ ಸಂಬಳದ ಭಾಗವೇ ಆಗಿಬಿಟ್ಟಿದೆ. ಕಡೆಗೆ ಅವನು ನಕ್ಕನೆಂಬುದನ್ನು ಒಪ್ಪಿಗೆಯೆಂದು ತಿಳಿಯುವವರು ಗಲ್ಲೆಯ ಆಚೆಗೆ ಎಂದೂ ನಿಂತವರಲ್ಲ. ತಟ್ಟೆ ಹಿಡಿದವನು ದಿನಕ್ಕೆ ನೂರು ಸಲ ನಗುತ್ತಾನೆ. ಅದರಲ್ಲಿ ಎಷ್ಟು ನಗೆ ಅವನದು ಎಂಬುದನ್ನು ನಮ್ಮ ಓದುಗರಿಗೆ ಹೇಳಿಕೊಡಬೇಕಾಗಿಲ್ಲ.

ತೆನ್ನಾಲಿ ರಾಮಕೃಷ್ಣನು ಅರಸನಿಗೂ ರಾಜಗುರುವಿಗೂ ಮಾಡಿದ ಚೇಷ್ಟೆಗಳನ್ನು ನಾವೆಲ್ಲ ಬಲ್ಲೆವು. ಅರಮನೆಯ ಅಡಿಗೆಯ ಹುಡುಗನನ್ನು ಅಳಿಸಿ ಸಭೆಯನ್ನು ನಗಿಸಿದ ಕಥೆಯನ್ನು ಮಾತ್ರ ನಾವು ಕೇಳಿಲ್ಲ.

ಇಷ್ಟು ಸಣ್ಣ ಸಂಗತಿಗೆ ಇಷ್ಟು ಮಾತೇಕೆ ಎಂದು ಕೆಲವರು ಕೇಳಬಹುದು. ಹಿರಿಯ ಓದುಗರು ಹಾಗೆ ಕೇಳಲಾರರು. ‘ಯಂಡುಗುಂಡು’ ಎಂಬ ಮಾತೂ ಒಮ್ಮೆ ನಗೆಯಾಗಿಯೇ ಹೊರಟದ್ದು. 1960ರಲ್ಲಿ ಮುಂಬಯಿಯಲ್ಲಿ ವ್ಯಂಗ್ಯಚಿತ್ರಕಾರ ಬಾಳ ಠಾಕರೆಯವರು ‘ಮಾರ್ಮಿಕ’ ಎಂಬ ವಾರಪತ್ರಿಕೆಯನ್ನು ಆರಂಭಿಸಿದರು. ಅವರ ರೇಖೆಯ ಬಲವನ್ನು ಯಾರೂ ಅಲ್ಲಗಳೆಯರು. ಕಚೇರಿಗಳಲ್ಲಿ ಮೇಲಿನ ಸ್ಥಾನದಲ್ಲಿರುವ ದಕ್ಷಿಣದವರ ಹೆಸರುಗಳ ಪಟ್ಟಿಗಳು ‘ಓದಿ, ಸುಮ್ಮನೆ ಕುಳಿತಿರಿ’ ಎಂಬರ್ಥದ ಮರಾಠಿ ತಲೆಬರಹದಡಿಯಲ್ಲಿ ಅದರಲ್ಲಿ ಪ್ರಕಟವಾದವು. ಓದುಗರು ಮೊದಲು ನಕ್ಕರು. 1966ರ ಜೂನ್ 19ರಂದು ಶಿವಸೇನೆ ಸ್ಥಾಪಿತವಾಯಿತು. ಲುಂಗಿಯುಟ್ಟವರನ್ನು ಹಳಿಯುವ ಘೋಷಣೆ ಬೀದಿಗಿಳಿಯಿತು. ಉಡುಪಿ ಹೋಟೆಲುಗಳ ಮೇಲೆ ಕಲ್ಲು ಬಿದ್ದವು. 1969ರ ಫೆಬ್ರವರಿಯಲ್ಲಿ ಬೆಳಗಾವಿಯ ಗಡಿ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಮುಂಬಯಿಯಲ್ಲಿ ನಡೆದ ಗಲಭೆ ಹತ್ತಾರು ಜೀವಗಳನ್ನು ಬಲಿ ತೆಗೆದುಕೊಂಡಿತು. ಪ್ರತಿಯೊಂದು ವಿನೋದವೂ ಕಲ್ಲಾಗುತ್ತದೆಂದು ನಾವು ಹೇಳುತ್ತಿಲ್ಲ. ಆದರೆ ಆ ಮಾತು ಕಿವಿಗೆ ಬಿದ್ದಾಗ ನಮ್ಮ ಜನ ಮೊದಲು ಅಂಗಡಿಯ ಗಾಜನ್ನು ನೋಡುತ್ತಾರೆ, ಆಮೇಲೆ ಆಡಿದವನ ಮುಖವನ್ನು ನೋಡುತ್ತಾರೆ. ಜಗ್ಗಿಗೆ ಮೊಬೈಲು ಒರಗಿಸಿದ ಹುಡುಗರಿಗೆ ಈ ಚರಿತ್ರೆ ತಿಳಿದಿರಲಿಕ್ಕಿಲ್ಲ.

ಠಾಕರೆಯವರು ‘ಫ್ರೀ ಪ್ರೆಸ್ ಜರ್ನಲ್’ ಪತ್ರಿಕೆಯಲ್ಲಿ ಚಿತ್ರ ಬರೆಯುತ್ತಿದ್ದಾಗ ಅದೇ ಕಚೇರಿಯಲ್ಲಿ ಸ್ವಲ್ಪಕಾಲ ಸಹೋದ್ಯೋಗಿಯಾಗಿದ್ದವರು ಮೈಸೂರಿನಲ್ಲಿ ಹುಟ್ಟಿದ ಆರ್. ಕೆ. ಲಕ್ಷ್ಮಣರು. ನಮ್ಮ ರಾಶಿಯವರ ‘ಕೊರವಂಜಿ’ಗೆ ಚಿತ್ರ ಬರೆದು ಕೈ ಪಳಗಿಸಿಕೊಂಡವರು ಅವರು. ಲಕ್ಷ್ಮಣರೂ ಜೀವನವಿಡೀ ಪರಿಹಾಸ ಮಾಡಿದರು. ಅವರ ಕುಂಚಕ್ಕೆ ಸಿಕ್ಕವರು ಮಂತ್ರಿಗಳು, ಅಧಿಕಾರಿಗಳು. ಚೌಕಳಿಯ ಕೋಟು ತೊಟ್ಟ ಶ್ರೀಸಾಮಾನ್ಯನು ಮೂಲೆಯಲ್ಲಿ ಮೌನವಾಗಿ ನಿಂತು ನೋಡಿದನೇ ಹೊರತು ನಗೆಗೆ ಗುರಿಯಾಗಲಿಲ್ಲ. ಈ ಪುಣೆಯಲ್ಲಿಯೇ 2015ರ ಜನವರಿ 26ರಂದು ಲಕ್ಷ್ಮಣರು ತೀರಿಕೊಂಡಾಗ ಮರಾಠಿಗರೂ ನಾವೂ ಒಟ್ಟಿಗೆ ಅತ್ತೆವು.

ಇಷ್ಟು ಹೇಳಿದ ಮೇಲೆ ನಮ್ಮ ಮನೆಯ ಕಸವನ್ನೂ ನೋಡಬೇಕು. ಹೊಸದಾಗಿ ಬಂದ ಹುಡುಗನನ್ನು ಲೋಕದಲ್ಲಿಲ್ಲದ ಸಾಮಾನೊಂದನ್ನು ತರಲು ನಾಲ್ಕು ಅಂಗಡಿ ಸುತ್ತಿಸಿ, ಬೆವರೊರೆಸಿಕೊಂಡು ಬಂದಾಗ ಭಟ್ಟರಿಂದ ಕ್ಲೀನರವರೆಗೆ ಎಲ್ಲರೂ ನಗುವ ಪದ್ಧತಿ ಯಾವ ಅಡಿಗೆಮನೆಯಲ್ಲಿಲ್ಲ? ಕರಾವಳಿಯವರು ಬಿಜಾಪುರದ ಹುಡುಗನ ಮಾತನ್ನು ಅಣಕಿಸುವುದನ್ನು ನಾವು ಕಿವಿಯಾರೆ ಕೇಳಿದ್ದೇವೆ. ಬೆಂಗಳೂರಿನಲ್ಲಿ ನಮ್ಮವರು ತಮಿಳರನ್ನು ‘ಕೊಂಗ’ರೆಂದು ಕರೆದು ನಕ್ಕದ್ದುಂಟು, 1991ರ ಡಿಸೆಂಬರಿನಲ್ಲಿ ಕಾವೇರಿಯ ಹೆಸರಿನಲ್ಲಿ ಅವರ ಮನೆ ಅಂಗಡಿಗಳು ಉರಿದದ್ದೂ ಉಂಟು. ಯಂಡುಗುಂಡುವಿಗೆ ನೊಂದವರು ಕೊಂಗನಿಗೆ ನಗುವುದು ಹೇಗೆ?

ಹಾಗಾದರೆ ಅನ್ಯಾಯದೆದುರು ಜನ ಬಾಯಿ ತೆರೆಯುವರೋ ಎಂದು ಪರೀಕ್ಷಿಸುವುದೇ ತಪ್ಪೇ? ತಪ್ಪಲ್ಲ. ಆ ವೃದ್ಧರು ಎದ್ದುನಿಂತದ್ದನ್ನು ಕೇಳಿ ನಮಗೆ ನಿಜವಾಗಿಯೂ ಸಂತೋಷವಾಯಿತು. ಜ್ಞಾನೇಶ್ವರರು ಪಂಢರಪುರದ ವಿಠ್ಠಲನನ್ನೇ ಕಾನಡನೆಂದು ಕರೆದ ನಾಡು ಇದು. ಆದರೆ ಅದಕ್ಕೆ ಮಾಣಿಯನ್ನು ಮೋಸಗೊಳಿಸಬೇಕಾಗಿರಲಿಲ್ಲ. ಅಮೆರಿಕದಲ್ಲಿ 2008ರಲ್ಲಿ ಆರಂಭವಾದ ‘ನೀವಾಗಿದ್ದರೆ ಏನು ಮಾಡುತ್ತಿದ್ದಿರಿ’ ಎಂಬರ್ಥದ ದೂರದರ್ಶನ ಕಾರ್ಯಕ್ರಮವು ಇಂಥದೇ ಪರೀಕ್ಷೆಗಳನ್ನು ಮಾಡುತ್ತದೆ. ಅಲ್ಲಿ ಬಯ್ಯುವವನೂ ನಟ, ಬಯ್ಸಿಕೊಳ್ಳುವವನೂ ನಟ. ಪರೀಕ್ಷೆ ನಡೆಯುವುದು ಸುತ್ತ ಕುಳಿತವರದು ಮಾತ್ರ. ಸದಾಶಿವ ಪೇಠೆಯ ಹುಡುಗನಿಗೆ ಮುಂಚೆಯೇ ಗುಟ್ಟು ಹೇಳಿದ್ದರೂ ವೃದ್ಧರು ಅಷ್ಟೇ ಸಿಟ್ಟಿನಿಂದ ಏಳುತ್ತಿದ್ದರು. ಯಾರಿಗೆ ಗೊತ್ತು, ಹುಡುಗನೇ ಆ ಪಾತ್ರವನ್ನು ತರುಣರಿಗಿಂತ ಚೆನ್ನಾಗಿ ಅಭಿನಯಿಸುತ್ತಿದ್ದನೋ ಏನೋ. ಯಕ್ಷಗಾನದ ಸೀಮೆಯವನಲ್ಲವೇ!

ಬಂದ ಧಣಿಗಳಿಗೆ ನಾವು ಎರಡು ಮಾತು ಹೇಳಿ ಕಳುಹಿಸಿದೆವು. ಆ ಚಿತ್ರವನ್ನು ತೆಗೆದುಹಾಕುವಂತೆ ತರುಣರನ್ನು ಕೇಳುವವರು ತಾವೇ ಆಗಬೇಕು, ಹುಡುಗನನ್ನು ಮುಂದೆ ದೂಡಬಾರದು ಎಂಬುದೊಂದು. ಇನ್ನೊಂದು, ಸದಾಶಿವ ಪೇಠೆಯ ಸಂಪ್ರದಾಯಕ್ಕೆ ತಕ್ಕಂತೆ ಗಲ್ಲೆಯ ಮೇಲೊಂದು ಫಲಕವನ್ನು ಶುದ್ಧ ಮರಾಠಿಯಲ್ಲಿಯೇ ಬರೆಯಿಸಿ ತೂಗುಹಾಕಬೇಕು: ‘ಕೆಲಸಗಾರರನ್ನು ಕೇಳದೆ ಅವರ ಚಿತ್ರ ತೆಗೆಯಬಾರದು. ಯಾರನ್ನಾದರೂ ಬಯ್ದು ಚಿತ್ರ ತೆಗೆಯಲೇಬೇಕೆಂಬ ಗಿರಾಕಿಗಳಿಗೆ ಮಾಲಕರು ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಬಿಡುವಾಗಿರುತ್ತಾರೆ.’ ಧಣಿಗಳು ನಕ್ಕು, ಅದನ್ನು ಚೀಟಿಯಲ್ಲಿ ಬರೆದುಕೊಂಡು ಹೋದರು.