ಯಾರ ತಲೆಗೆ ಯಾವ ಹ್ಯಾಟು

‘ಟೋಪಿ ಹಾಕಿದ’ ಎಂದರೆ ಕನ್ನಡದಲ್ಲಿ ಮೋಸಮಾಡಿದ ಎಂದರ್ಥ. ಆದಕಾರಣ ಟೋಪಿಗೂ ದಗಾಕೋರತನಕ್ಕೂ ನಂಟು ಬೆಸೆದ ಕೀರ್ತಿ ಅಮೆರಿಕದ ಚಲನಚಿತ್ರಗಳಿಗೆ ಮಾತ್ರ ಸಲ್ಲತಕ್ಕದ್ದಲ್ಲ. ನಮ್ಮ ನುಡಿಯೂ ಅದರಲ್ಲಿ ಪಾಲುದಾರ. ಈ ಮಾತನ್ನು ಮೊದಲಿಗೇ ಹೇಳಲು ಕಾರಣವುಂಟು. ಬೀದರ, ಭಾಲ್ಕಿ, ಔರಾದಗಳ ಕಾಲೇಜುಗಳಲ್ಲಿ ಗ್ಯಾದರಿಂಗಿನ ದಿನ ಬಂತೆಂದರೆ ಈಚೆಗೆ ನಾಲ್ಕಾರು ಮಂದಿ ವಿದ್ಯಾರ್ಥಿಗಳಾದರೂ ಫೆಡೋರಾ ಹ್ಯಾಟು ಧರಿಸಿ, ಹುಬ್ಬು ಗಂಟಿಕ್ಕಿ, ಹಳೆಯ ಷಿಕಾಗೋ ನಗರದ ದರೋಡೆಗಾರರಂತೆ ನಿಂತು ಚಿತ್ರ ತೆಗೆಸಿಕೊಳ್ಳುತ್ತಾರೆ. ಅದನ್ನು ಕಂಡ ಹಿರಿಯರು ‘ಇದು ಗೂಂಡಾಗಳ ವೇಷ, ನಮ್ಮ ರುಮಾಲು ಎಲ್ಲಿ ಹೋಯಿತು?’ ಎಂದು ಮರುಗುತ್ತಾರೆ. ಹ್ಯಾಟಿನಲ್ಲಿ ದೋಷವಿಲ್ಲ, ತಲೆಗೆ ಹೊಂದದ ಹ್ಯಾಟಿನಲ್ಲಿ ದೋಷವಿದೆ ಎಂಬುದು ನನ್ನ ಮತ.

ಮೊದಲು ಗೂಂಡಾಗಳ ವಿಷಯ. ಫೆಡೋರಾ ಎಂಬುದು ಒಬ್ಬ ಹೆಣ್ಣಿನ ಹೆಸರು. ಫ್ರಾನ್ಸಿನ ನಾಟಕಕಾರ ಸಾರ್ದೂ 1882ರಲ್ಲಿ ಆ ಹೆಸರಿನ ನಾಟಕವನ್ನು ಬರೆದ. ಅದರ ನಾಯಕಿ ರಷ್ಯದ ರಾಜಕುಮಾರಿ ಫೆಡೋರಾ. ಆ ಪಾತ್ರವನ್ನು ವಹಿಸಿದ ಸುಪ್ರಸಿದ್ಧ ನಟಿ ಸಾರಾ ಬರ್ನಾರ್ ಮೆತ್ತನೆಯ ಅಂಚಿನ ಹ್ಯಾಟನ್ನು ಧರಿಸಿದಳೆಂದೂ ನಾಟಕದ ಹೆಸರೇ ಹ್ಯಾಟಿಗೆ ನಿಂತಿತೆಂದೂ ಹೇಳುತ್ತಾರೆ. ಸ್ತ್ರೀಯರ ಹಕ್ಕಿಗಾಗಿ ಹೋರಾಡಿದವರು ಅದನ್ನು ಮೆಚ್ಚಿ ತೊಟ್ಟರು. ಗಂಡಸರ ಪಾಲಿಗೆ ಅದು ಬಂದದ್ದು ಆಮೇಲೆ. ಅಮೆರಿಕದಲ್ಲಿ 1920ರಿಂದ 1933ರವರೆಗೆ ಪಾನನಿರೋಧವಿದ್ದಾಗ ಕಳ್ಳಭಟ್ಟಿಯ ದೊರೆ ಅಲ್ ಕಪೋನೆ ಅಂಥ ಹ್ಯಾಟನ್ನೇ ಧರಿಸುತ್ತಿದ್ದ, ನಿಜ. ಆದರೆ ಅವನನ್ನು ಹಿಡಿಯಹೊರಟ ಅಧಿಕಾರಿಯೂ, ಅವನ ಸುದ್ದಿ ಬರೆದ ಪತ್ರಕರ್ತನೂ, ಆ ಸುದ್ದಿಯನ್ನು ಟ್ರಾಮಿನಲ್ಲಿ ಓದುತ್ತಿದ್ದ ಗುಮಾಸ್ತನೂ ಅದೇ ಬಗೆಯ ಹ್ಯಾಟು ತೊಟ್ಟವರೇ. ಊರಿಗೆಲ್ಲ ಸೇರಿದ ಹ್ಯಾಟನ್ನು ಸಿನಿಮಾದವರು ದರೋಡೆಗಾರನೊಬ್ಬನಿಗೆ ಪಟ್ಟಾ ಮಾಡಿಕೊಟ್ಟರು.

ನಮ್ಮ ದೇಶದ ಅತ್ಯಂತ ಪ್ರಸಿದ್ಧ ಹ್ಯಾಟಾದರೂ ಯಾವುದು? 1928ರ ಡಿಸೆಂಬರಿನಲ್ಲಿ ಲಾಹೋರಿನಿಂದ ಪೊಲೀಸರ ಕಣ್ಣುತಪ್ಪಿಸಿ ರೈಲು ಹತ್ತಲು ಭಗತ್ ಸಿಂಗ್ ಕೂದಲು ಕತ್ತರಿಸಿಕೊಂಡು ಸಾಹೇಬನ ಉಡುಪು ತೊಟ್ಟ. 1929ರಲ್ಲಿ ದೆಹಲಿಯಲ್ಲಿ ತೆಗೆಸಿಕೊಂಡ ಅವನ ಹ್ಯಾಟಿನ ಭಾವಚಿತ್ರ ಇಂದು ನಮ್ಮ ಆಟೋರಿಕ್ಷಾಗಳ ಹಿಂಬದಿಯಲ್ಲಿಯೂ ಇದೆ. ಸಿಖ್ಖರ ಮನೆಯಲ್ಲಿ ಹುಟ್ಟಿದವನಿಗೆ ಪೇಟ ಬಿಟ್ಟು ಹ್ಯಾಟು ಹಾಕುವುದು ಸಣ್ಣ ಮಾತಲ್ಲ. ಬೀದರಿನವರಿಗೆ ಇದು ಬೇಗ ಅರ್ಥವಾಗಬೇಕು. 1699ರಲ್ಲಿ ಗುರು ಗೋವಿಂದಸಿಂಹರ ಕರೆಗೆ ತಲೆ ಕೊಡಲು ಎದ್ದುನಿಂತ ಐವರಲ್ಲಿ ಒಬ್ಬರಾದ ಸಾಹಿಬ್ ಸಿಂಹರು ಬೀದರದ ಕ್ಷೌರಿಕ ಮನೆತನದವರೆಂದು ಸಿಖ್ ಸಂಪ್ರದಾಯ ಹೇಳುತ್ತದೆ. ತಲೆಯ ಬೆಲೆಯನ್ನೂ ಅಳತೆಯನ್ನೂ ಬಲ್ಲ ಊರು ನಮ್ಮದು!

ಇನ್ನು ‘ನಮ್ಮ ರುಮಾಲು’. ಪಾರಸಿಯಲ್ಲಿ ‘ರೂ’ ಎಂದರೆ ಮುಖ, ‘ಮಾಲ್’ ಎಂದರೆ ಒರೆಸುವುದು. ರುಮಾಲು ಎಂದರೆ ಮುಖ ಒರೆಸುವ ಬಟ್ಟೆ. ಬೀದರದ ಒಂದೇ ಬೀದಿಯಲ್ಲಿ ಉರ್ದು ಆಡುವವರ ರುಮಾಲು ಜೇಬಿನಲ್ಲಿರುತ್ತದೆ, ಕನ್ನಡಿಗರ ರುಮಾಲು ತಲೆಯ ಮೇಲಿರುತ್ತದೆ. ಗುರುನಾನಕ ಝೀರಾದ ಬಾಗಿಲಲ್ಲಿ ಈ ಜಗಳವೂ ತೀರುತ್ತದೆ: ಅಲ್ಲಿ ಜೇಬಿನ ರುಮಾಲನ್ನೇ ತೆಗೆದು ತಲೆಗೆ ಕಟ್ಟಿಕೊಂಡು ಒಳಗೆ ಹೋಗುತ್ತೇವೆ. ನಮ್ಮದೆಂದು ನಾವು ಬೀಗುವ ವಸ್ತುವಿಗೂ ಹೆಸರು ಇರಾನಿನಿಂದ ಬಂದದ್ದು.

ನಿಜಾಮರ ಆಳಿಕೆಯಲ್ಲಿ ದರಬಾರಿಗೆ ಹೋಗುವವರಿಗೆ ದಸ್ತಾರು ಬೇಕು, ಸೊಂಟಕ್ಕೆ ಬಗಲೂಸು ಬೇಕು. ಕಚೇರಿಯ ನೌಕರರ ತಲೆಯ ಮೇಲೆ ರೂಮಿ ಟೋಪಿ. ಬಿಸಿಮಾಡಿದ ಹಿತ್ತಾಳೆಯ ಅಚ್ಚಿಗೆ ಕೂರಿಸಿ ಅದರ ಆಕಾರವನ್ನು ಸರಿಪಡಿಸುತ್ತಿದ್ದರು. ತುರ್ಕಿಯಲ್ಲಿ ಮುಸ್ತಫಾ ಕೆಮಾಲನು 1925ರಲ್ಲಿ ಕಾಯಿದೆ ಮಾಡಿ ಅದೇ ಟೋಪಿಯನ್ನು ನಿಷೇಧಿಸಿ ಅಂಚಿನ ಹ್ಯಾಟನ್ನು ಜನರ ಮೇಲೆ ಹೇರಿದ. ಎದುರಿಸಿದ ಕೆಲವರು ಗಲ್ಲಿಗೇರಿದರು. ಹೈದರಾಬಾದಿನ ಸಂಸ್ಥಾನದಲ್ಲಿ ಅದು ಇನ್ನೂ ಇಪ್ಪತ್ತು ವರ್ಷ ಮರ್ಯಾದೆಯ ಚಿಹ್ನೆಯಾಗಿ ಉಳಿಯಿತು. 1948ರ ಸೆಪ್ಟೆಂಬರಿನ ಬಳಿಕ ಗಾಂಧಿ ಟೋಪಿ ಮುಂದೆ ಬಂತು. ಔರಾದಿನ ಹಳ್ಳಿಗಳಲ್ಲಿ ಅದನ್ನು ಇಂದಿಗೂ ತೊಡುವ ಮುದುಕರಿದ್ದಾರೆ. ಮದುವೆಯ ಆಹೇರಿಯಲ್ಲಿ ಟೋಪಿ-ಟಾವೆಲು ಕೊಡುವ ರೂಢಿಯೂ ಇದೆ. ಬೀಗರು ಅದನ್ನು ತಲೆಯ ಮೇಲೆ ಇಡುತ್ತಾರೆ, ಅದು ನೆತ್ತಿಯ ಮೇಲೆ ದೋಣಿಯಂತೆ ತೇಲುತ್ತದೆ, ಮರುಕ್ಷಣ ಕೈಗೆ ಬರುತ್ತದೆ. ಯಾರ ತಲೆಯನ್ನೂ ಅಳೆಯದೆ ತಂದ ಟೋಪಿ ಹಾಗೆಯೇ.

ಹಳೆಯ ಕಾಲವನ್ನು ಹೊಗಳುವವರು ಒಂದು ಸಂಗತಿಯನ್ನು ಮರೆಯಬಾರದು. ಯಾರು ರುಮಾಲು ಸುತ್ತಬಹುದು, ಯಾರು ಅದನ್ನು ಗೌಡರ ಮುಂದೆ ಬಿಚ್ಚಿ ಕೈಯಲ್ಲಿ ಹಿಡಿದು ನಿಲ್ಲಬೇಕು ಎಂಬುದನ್ನು ಜಾತಿ ನಿರ್ಧರಿಸುತ್ತಿತ್ತು. ದರಬಾರು, ಕಾಯಿದೆ, ಜಾತಿ, ಬೀಗರು ಎಲ್ಲರೂ ತಲೆಗೆ ಟೋಪಿ ಗೊತ್ತುಮಾಡಿದರು. ತಲೆಯನ್ನು ಕೇಳಿದವರು ವಿರಳ. ಹಳ್ಳಿಯ ಹುಡುಗನೊಬ್ಬ ಇಂದು ತನಗೆ ಬೇಕಾದ ಹ್ಯಾಟನ್ನು ತಾನೇ ಆರಿಸಿ ತರಿಸಿಕೊಂಡರೆ ನನಗೆ ಅದರಲ್ಲಿ ಸಂಸ್ಕೃತಿಯ ನಾಶ ಕಾಣುವುದಿಲ್ಲ.

ಆದರೆ ಆರಿಸಿದವನು ಅಳೆಯಲೂ ಬೇಕು. ‘ಫ್ರೀ ಸೈಜ್’ ಎಂದು ಮಾರುವ ಹ್ಯಾಟು ಯಾರ ಸೈಜೂ ಅಲ್ಲ. ಸಿಂಪಿಗರ ಟೇಪನ್ನು ಕಿವಿಯ ಮೇಲಿಂದ, ಹುಬ್ಬಿಗಿಂತ ಎರಡು ಬೆರಳು ಮೇಲೆ, ಹಿಂದೆ ತಲೆ ಉಬ್ಬಿರುವ ಕಡೆಗೆ ಸುತ್ತಬೇಕು. 58 ಸೆಂಟಿಮೀಟರು ಬಂದರೆ ಅಮೆರಿಕದವರ ಲೆಕ್ಕದಲ್ಲಿ 7¼, ಬ್ರಿಟನ್ನಿನವರ ಲೆಕ್ಕದಲ್ಲಿ 7⅛. ಸುತ್ತಳತೆಯ ಇಂಚುಗಳನ್ನು 3.14ರಿಂದ ಭಾಗಿಸಿದರೆ ಮೊದಲನೆಯ ಸಂಖ್ಯೆ ಸರಿಸುಮಾರಾಗಿ ಸಿಕ್ಕುತ್ತದೆ. ಗಣಿತ ನಿರುಪಯೋಗಿ ಎನ್ನುವ ನನ್ನ ಸಾಹಿತ್ಯದ ವಿದ್ಯಾರ್ಥಿಗಳು ಗಮನಿಸಲಿ. ಈ ಲೆಕ್ಕ ತಲೆಯನ್ನು ವರ್ತುಲವೆಂದು ನಂಬುತ್ತದೆ, ತಲೆಯಾದರೋ ಅಂಡಾಕಾರ. ಒಂದೇ ಸುತ್ತಳತೆಯ ಇಬ್ಬರಲ್ಲಿ ಒಬ್ಬನದು ಉದ್ದ, ಒಬ್ಬನದು ಅಗಲ. ಹಣೆಯಲ್ಲಿ ಒತ್ತಿ ಪಕ್ಕದಲ್ಲಿ ಸಡಿಲವಾದರೆ ಕಾರಣ ಇದೇ. ಹತ್ತೊಂಬತ್ತನೆಯ ಶತಮಾನದ ಪ್ಯಾರಿಸಿನಲ್ಲಿ ತಲೆಯ ಆಕಾರವನ್ನು ಸಣ್ಣ ಕಾಗದದ ಮೇಲೆ ಚುಚ್ಚಿ ತೋರಿಸುವ ಕಿರೀಟದಂಥ ಯಂತ್ರವನ್ನೇ ಮಾಡಿದ್ದರು. ನಮಗೆ ಅಷ್ಟು ಬೇಡ. ತುಸು ಸಡಿಲವಾದರೆ ಒಳಗಿನ ಪಟ್ಟಿಯ ಹಿಂದೆ ಮಡಿಸಿದ ಪತ್ರಿಕೆಯ ತುಂಡನ್ನು ಇಟ್ಟರಾಯಿತು. ಈ ಪುರವಣಿಯೂ ಆ ಕೆಲಸಕ್ಕೆ ಬಂದೀತು. ಬಿಗಿಯಾದದ್ದಕ್ಕೆ ಅಷ್ಟು ಸುಲಭದ ಮದ್ದಿಲ್ಲ, ಆದ್ದರಿಂದ ಸಂದೇಹವಿದ್ದಲ್ಲಿ ದೊಡ್ಡದನ್ನೇ ಕೊಳ್ಳತಕ್ಕದ್ದು.

ಈಚಿನ ಒಂದು ಗ್ಯಾದರಿಂಗಿಗೆ ನಾಟಕವೊಂದು ಸಿದ್ಧವಾಗುತ್ತಿತ್ತು. ಕಳ್ಳರ ಗುಂಪಿನ ನಾಯಕನ ಪಾತ್ರ ಚೆನ್ನಾಗಿ ಓದಿದ್ದರಿಂದ ಒಬ್ಬ ಹುಡುಗಿಗೆ ಬಂತು. ‘ಹುಡುಗೇರು ಹ್ಯಾಟ್ ಹಾಕೋದು ಬ್ಯಾಡ ಅಂತಾರ್ರಿ ಸರ್’ ಎಂದು ಅವಳು ಬಂದು ಹೇಳಿದಳು. ಹಾಗೆಂದವರು ವಿದ್ಯಾವಂತರೇ, ನನ್ನ ಸಹೋದ್ಯೋಗಿಗಳೇ. ನಮ್ಮ ಸೀಮೆಯಲ್ಲಿ ಹೆಣ್ಣಿನ ತಲೆಗೆ ಬಹುಕಾಲ ಒದಗಿದ್ದು ಸೆರಗು. ಸೆರಗಿಗೆ ಅಳತೆಯ ಗೊಡವೆಯಿಲ್ಲ. ಕಳ್ಳಿಯ ಪಾತ್ರ ಕೂಡದು ಎಂದಿದ್ದರೆ ವಾದಕ್ಕಾದರೂ ಆಸ್ಪದವಿತ್ತು. ಅವರಿಗೆ ಅಡ್ಡಬಂದದ್ದು ಪಾತ್ರವಲ್ಲ, ಹ್ಯಾಟು. ಮೊದಲಿಗೆ ಹೆಣ್ಣು ರಂಗದ ಮೇಲೆ ತೊಟ್ಟು ಹೆಸರು ಕೊಟ್ಟ ವಸ್ತುವನ್ನು ಹೆಣ್ಣು ರಂಗದ ಮೇಲೆ ತೊಡಬಾರದೆಂದರೆ ನಾನು ಒಪ್ಪಲಾರೆ. ಹಾಗೆಂದು ಅವರಿಗೂ ಹೇಳಿದೆ. ಮುನಿಸು ಇನ್ನೂ ತೀರಿಲ್ಲ.

ಹುಡುಗಿಗೆ ಹೇಳಿದ್ದು ಬೇರೆ. ‘ತಂಗಿ, ಜಡೆ ಹೆಣೆದ ಮೇಲೆ ಅಳತೆ ತೆಗೆ, ಕೂದಲು ಬಿಚ್ಚಿದಾಗಿನ ಅಳತೆಗೂ ಅದಕ್ಕೂ ಅಂತರವಿರುತ್ತದೆ. ತುರುಬನ್ನು ಅಂಚಿನ ಕೆಳಗೆ ಬರುವಂತೆ ಕಟ್ಟು, ಇಲ್ಲವಾದರೆ ಹಿಂದಿನಿಂದ ಎತ್ತಿ ಹಿಡಿಯುತ್ತದೆ. ಮುಂದಿನ ಅಂಚನ್ನು ಸಿನಿಮಾದವರಂತೆ ತೀರ ಇಳಿಸಬೇಡ. ರಂಗದ ದೀಪಕ್ಕೆ ಕಣ್ಣು ನೆರಳಾಗಿ ಹಿಂದಿನ ಬೆಂಚಿನವರಿಗೆ ಮುಖ ಕಾಣದು.’