ಮೀನಿನ ಸಾವಿಗೆ ಜೀವಕೋಶವೇ ಸಾಕ್ಷಿ

ಕೊಳದಲ್ಲಿ ಮೀನುಗಳು ಸತ್ತು ತೇಲತೊಡಗಿದರೆ ಸಾಕಣೆದಾರರಿಗೆ ಮೊದಲು ನೆನಪಾಗುವುದು ಸುಣ್ಣ, ಆಮೇಲೆ ಆಂಟಿಬಯಾಟಿಕ್. ರೋಗಕ್ಕೆ ವೈರಸ್ ಕಾರಣವಾಗಿದ್ದರೆ ಆಂಟಿಬಯಾಟಿಕ್‌ನಿಂದ ನಯಾಪೈಸೆ ಉಪಯೋಗವಿಲ್ಲ. ಮದ್ದು ಸುರಿಯುವ ಮುನ್ನ ಮೀನಿನ ಜೀವಕೋಶದೊಳಗೆ ಏನಾಗಿದೆ ಎಂದು ಪರೀಕ್ಷಿಸುವ ವ್ಯವಸ್ಥೆ ರೈತರಿಗೆ ಹತ್ತಿರದಲ್ಲೇ ಸಿಗಬೇಕು.

ಜೀವಕೋಶಗಳೆಲ್ಲ ಒಂದೇ ಬಗೆಯಲ್ಲಿ ಸಾಯುವುದಿಲ್ಲ. ವೈರಸ್ ಹೊಕ್ಕ ಕೋಶ ಕೆಲವೊಮ್ಮೆ ತನ್ನನ್ನು ತಾನೇ ಕೊನೆಗಾಣಿಸಿಕೊಳ್ಳುತ್ತದೆ. ಕುಗ್ಗಿ, ಡಿಎನ್‌ಎ ತುಂಡರಿಸಿ, ಸಣ್ಣ ಸಣ್ಣ ಚೀಲಗಳಾಗಿ ಒಡೆಯುತ್ತದೆ. ಅಕ್ಕಪಕ್ಕದ ಕೋಶಗಳು ಅವನ್ನು ನುಂಗಿಬಿಡುತ್ತವೆ. 1972ರಲ್ಲಿ ಕೆರ್, ವೈಲಿ ಮತ್ತು ಕರಿ ಎಂಬ ವಿಜ್ಞಾನಿಗಳು ಇದಕ್ಕೆ ಅಪೊಪ್ಟೋಸಿಸ್ ಎಂದು ಹೆಸರಿಟ್ಟರು. ನೆಕ್ರೋಸಿಸ್ ಹಾಗಲ್ಲ. ಅಲ್ಲಿ ಕೋಶ ಉಬ್ಬಿ ಒಡೆದು, ಒಳಗಿನದೆಲ್ಲ ಹೊರಚೆಲ್ಲಿ, ಸುತ್ತಲಿನ ಅಂಗಾಂಶದಲ್ಲೂ ಉರಿಯೂತ ಹುಟ್ಟುತ್ತದೆ.

ಸಾಲ್ಮನ್ ಮತ್ತು ಟ್ರೌಟ್ ಮರಿಗಳ ಮೇದೋಜೀರಕ ಗ್ರಂಥಿಯನ್ನು ಹಾಳುಗೆಡವುವ ಐಪಿಎನ್ ವೈರಸ್ ಈ ಎರಡೂ ದಾರಿ ಹಿಡಿಯುತ್ತದೆ. ತೈವಾನಿನ ಸಂಶೋಧಕರು ಪ್ರಯೋಗಾಲಯದಲ್ಲಿ ಮೀನಿನ ಕೋಶಗಳಿಗೆ ಇದನ್ನು ಸೋಂಕಿಸಿದಾಗ ಮೊದಲು ಅಪೊಪ್ಟೋಸಿಸ್, ಅದರ ಬೆನ್ನಿಗೇ ನೆಕ್ರೋಸಿಸ್ ಕಂಡಿತು. ಆ ಅಧ್ಯಯನ ಪ್ರಕಟವಾದದ್ದು 1998ರಲ್ಲಿ.

ಇಂಥ ಸಂಶೋಧನೆಯಿಂದ ರೈತರಿಗೇನು ಲಾಭ ಎನ್ನುವವರು ನಾರ್ವೆಯತ್ತ ನೋಡಬೇಕು. ಐಪಿಎನ್ ತಡೆಯುವ ಆನುವಂಶಿಕ ಶಕ್ತಿ ಬಹುಪಾಲು ವರ್ಣತಂತುವಿನ ಒಂದೇ ತಾಣದಲ್ಲಿದೆ ಎಂದು ಸ್ಕಾಟ್ಲೆಂಡ್ ಮತ್ತು ನಾರ್ವೆಯ ವಿಜ್ಞಾನಿಗಳು ಕಂಡುಕೊಂಡರು. ಕೋಶದ ಮೇಲಿನ ಕ್ಯಾಡ್‌ಹೆರಿನ್ ಪ್ರೋಟೀನಿಗೂ ಈ ಶಕ್ತಿಗೂ ನಂಟಿದೆ ಎಂದು 2015ರಲ್ಲಿ ತಿಳಿಯಿತು. ಡಿಎನ್‌ಎ ಪರೀಕ್ಷೆಯಿಂದ ಆರಿಸಿದ ತಳಿಯ ಮೊಟ್ಟೆಗಳು ಬಳಕೆಗೆ ಬಂದ ಮೇಲೆ ನಾರ್ವೆಯಲ್ಲಿ ಐಪಿಎನ್ ಹಾವಳಿ ಗಣನೀಯವಾಗಿ ತಗ್ಗಿತು.

ನಮ್ಮಲ್ಲೂ ಅಪಾಯ ದೂರವಿಲ್ಲ. 2014ರಲ್ಲಿ ಇಸ್ರೇಲಿನಿಂದ ವರದಿಯಾದ ತಿಲಾಪಿಯಾ ಲೇಕ್ ವೈರಸ್, 2018ರ ಹೊತ್ತಿಗೆ ಪಶ್ಚಿಮ ಬಂಗಾಳ ಮತ್ತು ಕೇರಳದ ಮೀನುಗಳಲ್ಲೂ ಪತ್ತೆಯಾಗಿತ್ತು. ಈ ರೋಗದಲ್ಲಿ ಯಕೃತ್ತಿನ ಕೋಶಗಳು ಒಂದರೊಳಗೊಂದು ಬೆಸೆದುಕೊಂಡು ಹಲವು ಕೋಶಕೇಂದ್ರಗಳ ಮುದ್ದೆಯಾಗುತ್ತವೆ. ಸೂಕ್ಷ್ಮದರ್ಶಕದಡಿ ಇದು ದೊಡ್ಡ ಸುಳಿವು. ಆದರೆ ಮೀನು ಸತ್ತು ಕೊಳೆಯತೊಡಗಿದರೆ ಕೋಶಗಳೆಲ್ಲ ತಾವಾಗಿಯೇ ಕರಗಿ ಆ ಸುಳಿವೂ ಅಳಿಸಿಹೋಗುತ್ತದೆ.

ಆದ್ದರಿಂದ ಕರ್ನಾಟಕದ ಪ್ರತಿ ಜಿಲ್ಲೆಯಲ್ಲೂ ಮಾದರಿ ಸಂಗ್ರಹಿಸಿ ತ್ವರಿತವಾಗಿ ಪ್ರಯೋಗಾಲಯಕ್ಕೆ ಕಳಿಸುವ ಏರ್ಪಾಡನ್ನು ಮೀನುಗಾರಿಕೆ ಇಲಾಖೆ ಮಾಡಬೇಕು. ಸಾಕಣೆದಾರರೂ ಕೊಳೆತ ಮೀನನ್ನಲ್ಲ, ಇನ್ನೂ ಉಸಿರಾಡುತ್ತಿರುವ ರೋಗಪೀಡಿತ ಮೀನನ್ನೇ ಪರೀಕ್ಷೆಗೆ ಕೊಡಬೇಕು.